ಚರ್ಮಕ್ಕೊಂದು ಹೊತ್ತು, ಕಣ್ಣಿಗೊಂದು ಹೊತ್ತು

ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಮಧ್ಯಾಹ್ನ ಹನ್ನೆರಡೂಕಾಲು ದಾಟುತ್ತಿದ್ದಂತೆ ನೆಟ್ಟಗೆ ನಿಂತ ಕಂಬದ ನೆರಳು ಕಂಬದ ಬುಡದಲ್ಲೇ ಅಡಗಿಬಿಡುತ್ತದೆ. ಶೂನ್ಯ ನೆರಳಿನ ಆ ಗಳಿಗೆ ಮೈಸೂರಿಗೆ ಅದಕ್ಕೂ ಒಂದೆರಡು ದಿನ ಮೊದಲೇ ಬರುತ್ತದೆ. ಹಂಪಿಗೆ ಬರುವುದು ಮೇ ತಿಂಗಳ ಆರಂಭದಲ್ಲಿ, ಕಲಬುರಗಿ ಮತ್ತು ಬೀದರಿಗೆ ಮೇ ಎರಡನೇ ವಾರದ ಹೊತ್ತಿಗೆ. ಉತ್ತರಕ್ಕೆ ಹೋದ ಸೂರ್ಯ ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಹಿಂದಿರುಗುವಾಗ ಮತ್ತೊಮ್ಮೆ ಇದೇ ದಾರಿಯಲ್ಲಿ ಹಾಯುತ್ತಾನೆ. ಆಗ ಮಳೆಯ ಮೋಡ ಅಡ್ಡ ಇರುವುದರಿಂದ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ ಅಷ್ಟೆ. ಹೀಗೆ ಚಾಮರಾಜನಗರದಿಂದ ಬೀದರಿನವರೆಗೆ ಕರ್ನಾಟಕದ ಪ್ರತಿಯೊಂದು ಊರೂ ವರ್ಷಕ್ಕೆ ಎರಡು ಬಾರಿ ಸೂರ್ಯನ ನೇರ ಕೆಳಗೆ ನಿಲ್ಲುತ್ತದೆ. ಯುರೋಪಿನ ಯಾವ ದೇಶದಲ್ಲೂ ಹೀಗಾಗುವುದಿಲ್ಲ. ಡಿಸೆಂಬರಿನ ಚಳಿಯಲ್ಲೂ ಬೆಂಗಳೂರಿನ ನಡುಹಗಲ ಸೂರ್ಯ ಕ್ಷಿತಿಜದಿಂದ 53 ಡಿಗ್ರಿ ಮೇಲಿರುತ್ತಾನೆ.

ಇಷ್ಟಾದರೂ ಬಿಸಿಲನ್ನು ನಾವು ಅಳೆಯುವುದು ಸೆಕೆಯಿಂದ. ಕಲಬುರಗಿಯಲ್ಲಿ ಪಾದರಸ 42 ಡಿಗ್ರಿ ಮುಟ್ಟಿದರೆ ಪತ್ರಿಕೆಗಳ ಮುಖಪುಟದಲ್ಲಿ ಸುದ್ದಿ. ಬೆಂಗಳೂರಿನಲ್ಲಿ ತಂಗಾಳಿ ಬೀಸಿದರೆ ಬಿಸಿಲು ಹಿತವಾಗಿದೆ ಎನ್ನುತ್ತೇವೆ. ಸೆಕೆ ಹುಟ್ಟಿಸುವ ಕಿರಣಗಳೇ ಬೇರೆ, ಚರ್ಮವನ್ನೂ ಕಣ್ಣನ್ನೂ ಕೆಡಿಸುವ ಕಿರಣಗಳೇ ಬೇರೆ. ಇವೆರಡೂ ಸುಮಾರು ಒಂದೇ ವರ್ಷದ ಅಂತರದಲ್ಲಿ ಪತ್ತೆಯಾದವು. 1800ರಲ್ಲಿ ವಿಲಿಯಂ ಹರ್ಷೆಲ್ ಬಿಸಿಲನ್ನು ಪಟ್ಟಕದ ಮೂಲಕ ಹಾಯಿಸಿ ಬಣ್ಣಗಳ ಸಾಲಿನಲ್ಲಿ ಉಷ್ಣಮಾಪಕ ಇಟ್ಟಾಗ, ಕೆಂಪಿನ ಆಚೆ ಬಣ್ಣವೇ ಇಲ್ಲದ ಜಾಗದಲ್ಲಿ ಪಾದರಸ ಏರಿತು. ಮರುವರ್ಷ ಜರ್ಮನಿಯ ಯೇನಾ ಊರಿನಲ್ಲಿ ಯೋಹಾನ್ ವಿಲ್ಹೆಲ್ಮ್ ರಿಟ್ಟರ್ ಇನ್ನೊಂದು ತುದಿಯನ್ನು ಪರೀಕ್ಷಿಸಿದ. ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಕ್ಲೋರೈಡನ್ನು ನೇರಳೆಯ ಆಚೆಯ ಕತ್ತಲಲ್ಲಿ ಇಟ್ಟ. ಬಣ್ಣವಿರುವ ಯಾವ ಜಾಗಕ್ಕಿಂತಲೂ ಬೇಗ ಅದು ಅಲ್ಲಿ ಕಪ್ಪಾಯಿತು. ಹರ್ಷೆಲ್ ಕಂಡ ಕಿರಣಗಳು ಮೈಗೆ ತಾಗಿದರೆ ಬೆಚ್ಚಗಾಗುತ್ತದೆ. ರಿಟ್ಟರ್ ಕಂಡ ನೇರಳಾತೀತ ಕಿರಣಗಳು ತಾಗಿದರೆ ನಮಗೆ ಗೊತ್ತೇ ಆಗುವುದಿಲ್ಲ, ಅವನ್ನು ಅರಿಯುವ ಇಂದ್ರಿಯ ಮನುಷ್ಯನಿಗಿಲ್ಲ. ಚರ್ಮ ಉರಿಯತೊಡಗುವುದು ಹಾನಿ ಆಗಿ ಗಂಟೆಗಳು ಕಳೆದ ಮೇಲೆ.

ಈ ನೇರಳಾತೀತ (ಯುವಿ) ಕಿರಣಗಳಲ್ಲಿ ಮೂರು ಪಂಗಡ. ಅತಿ ಚಿಕ್ಕ ಅಲೆಗಳ ಯುವಿ-ಸಿ ನೆಲಕ್ಕೆ ತಲುಪುವುದೇ ಇಲ್ಲ, ಓಝೋನ್ ಮತ್ತು ಆಮ್ಲಜನಕ ಅದನ್ನು ಪೂರ್ತಿ ಹೀರುತ್ತವೆ. 280ರಿಂದ 315 ನ್ಯಾನೊಮೀಟರ್‌ವರೆಗಿನ ಯುವಿ-ಬಿಯಲ್ಲಿ ಹೆಚ್ಚಿನ ಪಾಲನ್ನು ಓಝೋನ್ ತಡೆಯುತ್ತದೆ, ಉಳಿದದ್ದು ನಮ್ಮ ಮೇಲೆ ಬೀಳುತ್ತದೆ. 315ರಿಂದ 400ರವರೆಗಿನ ಯುವಿ-ಎ ಹೆಚ್ಚು ಅಡೆತಡೆಯಿಲ್ಲದೆ ಇಳಿದುಬರುತ್ತದೆ. ಓಝೋನ್ ಪದರವೆಂದರೆ ಆಕಾಶದಲ್ಲಿ ಹಾಸಿದ ದಪ್ಪ ಕಂಬಳಿ ಎಂಬ ಭಾವನೆ ಹಲವರಲ್ಲಿದೆ. ನಮ್ಮ ತಲೆಯ ಮೇಲಿನ ಅಷ್ಟೂ ಓಝೋನನ್ನು ಕೆಳಗಿಳಿಸಿ ನೆಲಮಟ್ಟದ ಒತ್ತಡದಲ್ಲಿ ಹರಡಿದರೆ ಅದರ ದಪ್ಪ ಮೂರು ಮಿಲಿಮೀಟರ್‌ಗಿಂತ ಕಡಿಮೆ. ಉಷ್ಣವಲಯದಲ್ಲಿ ಅದು ಸಹಜವಾಗಿಯೇ ತೆಳು. ತೆಳು ಓಝೋನ್, ನೆತ್ತಿಯ ಸೂರ್ಯ, ಅದರ ಜೊತೆಗೆ ದಖ್ಖನಿನ ಎತ್ತರ. ಸಾವಿರ ಮೀಟರ್ ಮೇಲೇರಿದರೆ ನೇರಳಾತೀತ ಕಿರಣಗಳು ಸುಮಾರು ಶೇಕಡಾ 10ರಷ್ಟು ಹೆಚ್ಚುತ್ತವೆ, ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ. ತಂಗಾಳಿಯ ಊರು ಎಂಬ ಹೆಸರಿಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲ.

ನೇರಳಾತೀತದ ತೀವ್ರತೆಯನ್ನು ಜನಸಾಮಾನ್ಯರಿಗೆ ಒಂದೇ ಅಂಕಿಯಲ್ಲಿ ತಿಳಿಸಲು ಕೆನಡಾದ ವಿಜ್ಞಾನಿಗಳು 1992ರಲ್ಲಿ ಯುವಿ ಸೂಚ್ಯಂಕವನ್ನು ರೂಪಿಸಿದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಜಗತ್ತಿಗೆಲ್ಲ ಒಪ್ಪುವಂತೆ ಅಳವಡಿಸಿತು. ಸೂಚ್ಯಂಕ 3 ದಾಟಿದರೆ ರಕ್ಷಣೆ ಬೇಕು, 8 ದಾಟಿದರೆ ಅತಿ ಹೆಚ್ಚು, 11 ಮುಟ್ಟಿದರೆ ವಿಪರೀತ. ಮಾರ್ಚ್‌ನಿಂದ ಮೇವರೆಗೆ ಮೋಡವಿಲ್ಲದ ನಡುಹಗಲಿನಲ್ಲಿ ನಮ್ಮ ರಾಜ್ಯದಲ್ಲಿ ಅದು 11 ದಾಟುವುದು ಮಾಮೂಲು. ಮೊಬೈಲಿನ ಹವಾಮಾನ ಪುಟದಲ್ಲಿ ತಾಪಮಾನದ ಕೆಳಗೆ ಈ ಅಂಕಿ ಇರುತ್ತದೆ, ನೋಡುವವರು ಕಡಿಮೆ. ಮೊಬೈಲ್ ಇಲ್ಲದವರಿಗೂ ಒಂದು ಅಳತೆಗೋಲು ಕಾಲಬುಡದಲ್ಲೇ ಇದೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಚರ್ಮಕ್ಕೆ ನೆರಳು ಬೇಕು. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಈ ಗಿಡ್ಡ ನೆರಳಿನ ಹೊತ್ತು ಬೆಳಿಗ್ಗೆ ಒಂಬತ್ತೂಕಾಲರ ಸುಮಾರಿಗೆ ಶುರುವಾಗಿ ಮಧ್ಯಾಹ್ನ ಮೂರೂಕಾಲರವರೆಗೂ ಇರುತ್ತದೆ.

ಚರ್ಮದೊಳಗೆ ನಡೆಯುವುದೇನು? ಯುವಿ-ಬಿ ಕಿರಣವನ್ನು ನೇರವಾಗಿ ಹೀರುವ ಅಣುಗಳಲ್ಲಿ ನಮ್ಮ ಡಿಎನ್‌ಎ ಕೂಡ ಒಂದು. ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕ ಇರುವ ಎರಡು ಥೈಮಿನ್ ಘಟಕಗಳು ಕಿರಣ ತಾಗಿದೊಡನೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆ ಜಾಗದಲ್ಲಿ ಎಳೆ ಸೊಟ್ಟಗಾಗುತ್ತದೆ, ಕೋಶ ಇಬ್ಭಾಗವಾಗುವಾಗ ನಕಲು ತಪ್ಪುತ್ತದೆ. ಕೋಶದಲ್ಲಿ ಇದಕ್ಕೊಂದು ದುರಸ್ತಿ ಪಡೆ ಇದೆ. ಕೆಟ್ಟ ತುಣುಕಿನ ಎರಡೂ ಬದಿಯಲ್ಲಿ ಕತ್ತರಿಸಿ ತೆಗೆದು ಹೊಸದನ್ನು ತುಂಬುವ ಈ ಕ್ರಮವನ್ನು ಬಿಡಿಸಿ ತೋರಿಸಿದ್ದಕ್ಕೆ ಟರ್ಕಿ ಮೂಲದ ಅಜೀಜ್ ಸಂಕಾರ್ ಅವರಿಗೆ 2015ರ ರಸಾಯನ ವಿಜ್ಞಾನದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಈ ದುರಸ್ತಿ ಎಷ್ಟು ಮುಖ್ಯ ಎಂಬುದು ಅದಿಲ್ಲದೆ ಹುಟ್ಟುವ ಮಕ್ಕಳನ್ನು ನೋಡಿದರೆ ತಿಳಿಯುತ್ತದೆ. ಜೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯಲ್ಲಿ ದುರಸ್ತಿಯ ಕಿಣ್ವಗಳೇ ಕೆಟ್ಟಿರುತ್ತವೆ. ಅಂಥ ಮಕ್ಕಳಿಗೆ ಬಾಲ್ಯದಲ್ಲೇ ಚರ್ಮದ ಕ್ಯಾನ್ಸರ್ ಬರುತ್ತದೆ, ಹಗಲು ಹೊರಗೆ ಆಡುವ ಭಾಗ್ಯ ಅವರಿಗಿಲ್ಲ.

ನಮ್ಮ ಕಂದು ಚರ್ಮಕ್ಕೆ ಇನ್ನೊಂದು ರಕ್ಷಣೆ ಇದೆ. ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವ ಕೋಶಗಳು ಅದನ್ನು ಸಣ್ಣ ಕಣಗಳಾಗಿ ಕಟ್ಟಿ ಸುತ್ತಲಿನ ಚರ್ಮಕೋಶಗಳಿಗೆ ಹಂಚುತ್ತವೆ. ಆ ಕೋಶಗಳು ಕಣಗಳನ್ನು ಎಲ್ಲೆಂದರಲ್ಲಿ ಚೆಲ್ಲಿಕೊಳ್ಳುವುದಿಲ್ಲ, ತಮ್ಮ ಕೋಶಕೇಂದ್ರದ ಮೇಲೆ, ಬಿಸಿಲು ಬೀಳುವ ಬದಿಗೆ, ಕೊಡೆ ಬಿಚ್ಚಿದಂತೆ ಜೋಡಿಸಿಕೊಳ್ಳುತ್ತವೆ. ಸೂಕ್ಷ್ಮದರ್ಶಕದಲ್ಲಿ ಇದನ್ನು ಕಂಡವರು ಯಾರೂ ಕಪ್ಪು ಬಣ್ಣವನ್ನು ಹೀಗಳೆಯಲಾರರು. ಉಷ್ಣವಲಯದಲ್ಲಿ ಸಾವಿರಾರು ತಲೆಮಾರು ಬದುಕಿದವರಿಗೆ ದೊರೆತ ಬಳುವಳಿ ಅದು. ಗಾಢ ವರ್ಣದ ಚರ್ಮ ಹುಟ್ಟಿನಿಂದಲೇ ಸನ್‌ಸ್ಕ್ರೀನಿನ ರಕ್ಷಣೆಯನ್ನು ಅಳೆಯುವ ಎಸ್‌ಪಿಎಫ್ ಲೆಕ್ಕದಲ್ಲಿ ಸುಮಾರು 13ರಷ್ಟು ರಕ್ಷಣೆ ಹೊಂದಿರುತ್ತದೆ ಎಂಬ ಅಂದಾಜಿದೆ. ಭಾರತದಲ್ಲಿ ಚರ್ಮದ ಕ್ಯಾನ್ಸರ್ ಆಸ್ಟ್ರೇಲಿಯಾದ ಬಿಳಿಯರಿಗೆ ಹೋಲಿಸಿದರೆ ತೀರಾ ಕಡಿಮೆ ಇರಲು ಮುಖ್ಯ ಕಾರಣ ಇದೇ. ನಮ್ಮಲ್ಲಿ ಮೆಲನೋಮಾ ಎಂಬ ಮಾರಕ ಕ್ಯಾನ್ಸರ್ ಬಂದರೂ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಬುಡದಂಥ ಬಿಸಿಲೇ ಬೀಳದ ಜಾಗದಲ್ಲಿ ಬರುತ್ತದೆ. ಅಂಗಾಲಿನಲ್ಲಿ ಹೊಸದಾಗಿ ಹರಡುವ ಕಪ್ಪು ಮಚ್ಚೆಯನ್ನು ವೈದ್ಯರಿಗೆ ತೋರಿಸಲೇಬೇಕು.

ಹಾಗಾದರೆ ನಮಗೆ ಭಯವಿಲ್ಲವೇ? ಇದೆ, ಅದರ ರೂಪ ಬೇರೆ. ಯುವಿ-ಎ ಕಿರಣ ಚರ್ಮದ ಒಳಪದರದವರೆಗೆ ಇಳಿದು ಅಲ್ಲಿನ ಕೊಲಾಜನ್ ಎಳೆಗಳನ್ನು ಸಡಿಲಗೊಳಿಸುತ್ತದೆ. 2012ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಪ್ರಕಟವಾದ ಲಾರಿ ಚಾಲಕನ ಫೋಟೋ ಇದಕ್ಕೆ ಪ್ರಸಿದ್ಧ ಸಾಕ್ಷಿ. 28 ವರ್ಷ ಲಾರಿ ಓಡಿಸಿದ ಆತನ ಮುಖದ ಎಡಬದಿ, ಅಂದರೆ ಕಿಟಕಿಯ ಬದಿ, ಬಲಬದಿಗಿಂತ ಎಷ್ಟೋ ವರ್ಷ ಮುದಿಯಾಗಿ ಸುಕ್ಕುಗಟ್ಟಿತ್ತು. ಕಿಟಕಿಯ ಗಾಜು ಯುವಿ-ಬಿಯನ್ನು ತಡೆಯುತ್ತದೆ, ಯುವಿ-ಎಯನ್ನು ಬಿಡುತ್ತದೆ. ನಮ್ಮಲ್ಲಿ ಚಾಲಕ ಕೂರುವುದು ಬಲಕ್ಕೆ. ಹಳೆಯ ಬಸ್ ಚಾಲಕರ ಎರಡೂ ಮುಂಗೈಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಬಲಗೈ ಹೆಚ್ಚು ಕಪ್ಪಗಿರುವುದು ಕಾಣುತ್ತದೆ. ಕೆನ್ನೆಯ ಮೇಲೆ ಬರುವ ಬಂಗು ಇನ್ನೊಂದು. ಹೆಂಗಸರನ್ನು ಹೆಚ್ಚು ಕಾಡುವ ಈ ಕಂದು ಮಚ್ಚೆಗೆ ಹಾರ್ಮೋನು, ಬಸಿರು, ವಂಶ ಎಲ್ಲವೂ ಕಾರಣ, ಬಿಸಿಲು ಅದನ್ನು ಉಲ್ಬಣಗೊಳಿಸುತ್ತದೆ. ನೇರಳಾತೀತ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಂದು ಚರ್ಮದಲ್ಲಿ ಬಂಗನ್ನು ಗಾಢಗೊಳಿಸುತ್ತದೆ. ಹಾಗಾಗಿ ಐರನ್ ಆಕ್ಸೈಡ್ ಬೆರೆಸಿದ ಬಣ್ಣದ ಸನ್‌ಸ್ಕ್ರೀನನ್ನು ವೈದ್ಯರು ಸೂಚಿಸುತ್ತಾರೆ. ಕರ್ನಾಟಕದ ರೈತರಿಗೆ ಇನ್ನೊಂದು ಸಂಕಟವೂ ಉಂಟು. ಬದುಗಳಲ್ಲಿ ಹಬ್ಬಿರುವ ಪಾರ್ಥೇನಿಯಂ, ನಮ್ಮ ಜನ ಕಾಂಗ್ರೆಸ್ ಗಿಡ ಎನ್ನುವುದು, ಕೆಲವರ ಚರ್ಮಕ್ಕೆ ಒಗ್ಗದೆ ಕತ್ತು, ಮುಖ, ಮೊಣಕೈ ಸಂದಿಯಲ್ಲಿ ಗಂಧೆ ಎಬ್ಬಿಸುತ್ತದೆ. ಕೆಲವರಲ್ಲಿ ಅದು ವರ್ಷಗಳಲ್ಲಿ ಬಿಸಿಲನ್ನೇ ಸಹಿಸಲಾಗದ ಚರ್ಮರೋಗವಾಗಿ ಬೆಳೆಯುತ್ತದೆ. ತೊನ್ನು ಇರುವವರಿಗೆ ಆ ಮಚ್ಚೆಗಳಲ್ಲಿ ಮೆಲನಿನ್ ಇಲ್ಲ. ಆಲ್ಬಿನಿಸಂ ಇರುವವರಿಗೆ ಮೈಯಲ್ಲೂ ಕಣ್ಣಲ್ಲೂ ಅದು ಇಲ್ಲ ಅಥವಾ ತೀರಾ ಕಡಿಮೆ. ಇವರಿಗೆ ಬಿಸಿಲಿನಿಂದ ರಕ್ಷಣೆ ಔಷಧದಷ್ಟೇ ಅಗತ್ಯ.

ಇನ್ನು ಕಣ್ಣಿನ ವಿಷಯ. ಇಲ್ಲಿ ನಮ್ಮ ಮೈಬಣ್ಣ ನೆರವಿಗೆ ಬರುವುದಿಲ್ಲ. ಕಣ್ಣಿನ ಮುಂಭಾಗದ ಹೊದಿಕೆಯಾದ ಕಾರ್ನಿಯಾ ಪಾರದರ್ಶಕ, ಅದರ ಹಿಂದಿನ ಮಸೂರ ಪಾರದರ್ಶಕ, ಅಲ್ಲಿ ಮೆಲನಿನ್ ಇದ್ದಿದ್ದರೆ ನೋಟವೇ ಇರುತ್ತಿರಲಿಲ್ಲ. ಅತಿ ಚಿಕ್ಕ ಅಲೆಗಳನ್ನು ಕಾರ್ನಿಯಾ ಹೀರುತ್ತದೆ, ಅದನ್ನು ದಾಟಿದ ಬಹುಪಾಲು ನೇರಳಾತೀತವನ್ನು ಮಸೂರ ಹೀರುತ್ತದೆ. ಚರ್ಮ ತನ್ನ ಮೇಲ್ಪದರವನ್ನು ಕೆಲವೇ ವಾರಗಳಲ್ಲಿ ಉದುರಿಸಿ ಹೊಸದು ಹೊದೆಯುತ್ತದೆ. ಮಸೂರಕ್ಕೆ ಆ ಸೌಲಭ್ಯವಿಲ್ಲ. ಅದರ ನಡುವಿನ ಪ್ರೋಟೀನುಗಳು ನಾವು ತಾಯಿಯ ಗರ್ಭದಲ್ಲಿದ್ದಾಗ ರೂಪುಗೊಂಡಂಥವು, ಎಂಬತ್ತು ವರ್ಷವಾದರೂ ಅವೇ ಉಳಿಯುತ್ತವೆ. ಒಮ್ಮೆ ಕೆಟ್ಟರೆ ಕೆಟ್ಟಿತು. ಅವು ಮುದ್ದೆಗಟ್ಟಿ ಮಬ್ಬಾಗುವುದನ್ನೇ ನಾವು ಪೊರೆ ಎನ್ನುವುದು. ಭಾರತದಲ್ಲಿ ಅಂಧತ್ವಕ್ಕೆ ಮೊದಲ ಕಾರಣ ಇವತ್ತಿಗೂ ಪೊರೆಯೇ. ವಯಸ್ಸು, ಸಕ್ಕರೆ ಕಾಯಿಲೆ, ತಂಬಾಕು, ಅಪೌಷ್ಟಿಕತೆ ಎಲ್ಲವೂ ಅದರಲ್ಲಿ ಪಾಲುದಾರರು, ಬಿಸಿಲೊಂದನ್ನೇ ದೂರುವುದು ಸರಿಯಲ್ಲ. ಬಿಸಿಲಿನ ಪಾಲು ಎಷ್ಟು ಎಂಬುದಕ್ಕೆ ಗಟ್ಟಿ ಸಾಕ್ಷ್ಯ ಸಿಕ್ಕಿದ್ದು ಅಮೆರಿಕದ ಮೇರಿಲ್ಯಾಂಡಿನ ಚೆಸಪೀಕ್ ಕೊಲ್ಲಿಯ ಬೆಸ್ತರಿಂದ. ಹ್ಯೂ ಟೇಲರ್ ಮತ್ತು ಸಂಗಡಿಗರು 838 ಬೆಸ್ತರ ಕಣ್ಣು ಪರೀಕ್ಷಿಸಿದರು. ಪ್ರತಿಯೊಬ್ಬರೂ ಯಾವ ವಯಸ್ಸಿನಿಂದ, ವರ್ಷದ ಯಾವ ತಿಂಗಳು, ಎಷ್ಟು ಹೊತ್ತು, ಟೋಪಿ ಹಾಕಿಕೊಂಡೋ ಇಲ್ಲದೆಯೋ ನೀರಿನ ಮೇಲಿದ್ದರು ಎಂದು ಕೇಳಿ ಜೀವಮಾನದ ಲೆಕ್ಕ ಹಾಕಿದರು. 1988ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಕಣ್ಣಿಗೆ ಬಿದ್ದ ಯುವಿ-ಬಿ ಇಮ್ಮಡಿಯಾದರೆ ಮಸೂರದ ಹೊರಪದರದ ಪೊರೆಯ ಸಾಧ್ಯತೆ 1.6 ಪಟ್ಟು ಹೆಚ್ಚುತ್ತದೆ.

ಕಣ್ಣಿನ ಬಿಳಿಭಾಗದಿಂದ ಮೂಗಿನ ಬದಿಯಲ್ಲಿ ಕರಿಗುಡ್ಡೆಯತ್ತ ಮಾಂಸದ ತೆಳು ಪೊರೆ ಬೆಳೆದುಬರುವುದನ್ನು ಹೊಲದಲ್ಲಿ, ಕಡಲಲ್ಲಿ ದುಡಿದವರಲ್ಲಿ ನೀವು ಕಂಡಿರಬಹುದು. ವೈದ್ಯರು ಅದನ್ನು ಟೆರಿಜಿಯಂ ಎನ್ನುತ್ತಾರೆ. ಅದು ಹೆಚ್ಚಾಗಿ ಮೂಗಿನ ಬದಿಯಲ್ಲೇ ಏಕೆ ಬರುತ್ತದೆ? ಮೂಗಿನ ನೆರಳು ಇರುವುದರಿಂದ ಆ ಬದಿಗೆ ಬಿಸಿಲು ಕಡಿಮೆ ಬೀಳಬೇಕಲ್ಲವೇ? ಆಸ್ಟ್ರೇಲಿಯಾದ ನೇತ್ರತಜ್ಞ ಮಿನಾಸ್ ಕೊರೊನಿಯೊ ಇದಕ್ಕೆ ಕೊಟ್ಟ ಉತ್ತರ ನನಗೆ ಬಲು ಇಷ್ಟ. ಕಿವಿಯ ಬದಿಯಿಂದ ಓರೆಯಾಗಿ ಬರುವ ಬೆಳಕನ್ನು ಉಬ್ಬಿದ ಕಾರ್ನಿಯಾ ಬಾಗಿಸಿ ಎದುರು ಅಂಚಿನಲ್ಲಿ, ಅಂದರೆ ಮೂಗಿನ ಬದಿಯ ಅಂಚಿನಲ್ಲಿ, ಹಲವು ಪಟ್ಟು ತೀವ್ರವಾಗಿ ಕೇಂದ್ರೀಕರಿಸುತ್ತದೆ. ಆ ಅಂಚಿನಲ್ಲಿರುವ ಮೂಲಕೋಶಗಳು ಪ್ರತಿದಿನ ಆ ಏಟು ತಿನ್ನುತ್ತವೆ. ಎದುರಿನ ಬೆಳಕಿಗಿಂತ ಬದಿಯಿಂದ ನುಸುಳುವ ಬೆಳಕು ಹೆಚ್ಚು ಅಪಾಯ ಎಂಬುದು ಇದರಿಂದ ತಿಳಿಯುವ ಸಂಗತಿ. ಪುಟ್ಟ ಗಾಜಿನ ಶೋಕಿ ಕನ್ನಡಕ ಈ ಬೆಳಕನ್ನು ತಡೆಯಲಾರದು.

ಅದಕ್ಕಿಂತ ಅಚ್ಚರಿಯ ಮಾತು ಜಪಾನಿನಿಂದ ಬಂತು. ಕನಜಾವಾ ವೈದ್ಯಕೀಯ ವಿಶ್ವವಿದ್ಯಾಲಯದ ಹಿರೋಶಿ ಸಸಾಕಿ ತಂಡದವರು ಬೊಂಬೆಯ ತಲೆಯೊಂದರ ಕಣ್ಣಿನ ಜಾಗದಲ್ಲೂ ನೆತ್ತಿಯ ಮೇಲೂ ಸಂವೇದಕಗಳನ್ನಿಟ್ಟು ದಿನವಿಡೀ ಅಳೆದರು. ನೆತ್ತಿಯ ಸಂವೇದಕ ನಿರೀಕ್ಷೆಯಂತೆ ನಡುಹಗಲಲ್ಲಿ ಗರಿಷ್ಠ ತೋರಿಸಿತು. ಸೂರ್ಯನತ್ತ ಮುಖ ಮಾಡಿದ ಬೊಂಬೆಯ ಕಣ್ಣಿಗೆ ಗರಿಷ್ಠ ಯುವಿ-ಬಿ ಬಿದ್ದದ್ದು ಬೆಳಿಗ್ಗೆ ಮತ್ತು ಇಳಿಹೊತ್ತಿನಲ್ಲಿ, ಸೂರ್ಯ 40 ಡಿಗ್ರಿ ಎತ್ತರದಲ್ಲಿದ್ದಾಗ. ಯೋಚಿಸಿದರೆ ಕಾರಣ ಸರಳ. ನೆತ್ತಿಯ ಸೂರ್ಯನನ್ನು ಹುಬ್ಬಿನ ಮೂಳೆ ಮರೆಮಾಡುತ್ತದೆ. ಓರೆ ಸೂರ್ಯ ನೇರ ಕಣ್ಣೊಳಗೆ ಇಳಿಯುತ್ತಾನೆ. ನಮ್ಮ ಏಪ್ರಿಲ್‌ನಲ್ಲಿ ಸೂರ್ಯ 40 ಡಿಗ್ರಿಯಲ್ಲಿರುವುದು ಬೆಳಿಗ್ಗೆ ಒಂಬತ್ತರ ಸುಮಾರಿಗೆ ಮತ್ತು ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ. ಬೆಳಿಗ್ಗೆ ಪೂರ್ವಕ್ಕೆ, ಸಂಜೆ ಪಶ್ಚಿಮಕ್ಕೆ ಬೈಕ್ ಓಡಿಸುವವರು, ಶಾಲೆ ಬಿಟ್ಟು ಬಯಲಿಗೆ ಓಡುವ ಮಕ್ಕಳು, ಬಿಸಿಲು ಇಳಿಯಲಿ ಎಂದು ಕಾದು ಹೊಲಕ್ಕೆ ಹೋಗುವ ರೈತರು ಕಣ್ಣಿನ ಮಟ್ಟಿಗೆ ಕೆಟ್ಟ ಹೊತ್ತಿನಲ್ಲೇ ಹೊರಗಿರುತ್ತಾರೆ. ನಡುಹಗಲು ಒಂದನ್ನು ತಪ್ಪಿಸಿದರೆ ಸಾಕು ಎಂಬ ಸಲಹೆ ಚರ್ಮಕ್ಕೆ ಸರಿ, ಕಣ್ಣಿಗೆ ಸಾಲದು. ಮಕ್ಕಳ ಮಸೂರ ತಿಳಿಯಾಗಿರುವುದರಿಂದ ದೊಡ್ಡವರಿಗಿಂತ ಹೆಚ್ಚು ಕಿರಣ ಒಳಕ್ಕೆ ಹೋಗುತ್ತದೆ. ದೊಡ್ಡವರು ತಮಗೊಂದು ತಂಪು ಕನ್ನಡಕ ಹಾಕಿಕೊಂಡು ಮಗುವನ್ನು ಬೈಕಿನ ಮುಂದೆ ಬರಿಗಣ್ಣಲ್ಲಿ ಕೂರಿಸಿಕೊಂಡು ಹೋಗುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಣ್ಣಿಗೆ ತಟ್ಟನೆ ಆಗುವ ಹಾನಿಗಳೂ ಇವೆ. ಹಿಮ ತನ್ನ ಮೇಲೆ ಬಿದ್ದ ನೇರಳಾತೀತದಲ್ಲಿ ಶೇಕಡಾ 80ರವರೆಗೆ ಹಿಂದಕ್ಕೆ ಎರಚುತ್ತದೆ, ಒಣಮರಳು ಸುಮಾರು 15. ಹಿಮಾಲಯದಲ್ಲಿ ಕಾವಲು ನಿಂತ ಸೈನಿಕರಿಗೂ ಚಾರಣಿಗರಿಗೂ ಕನ್ನಡಕ ಕಡ್ಡಾಯವಾಗಿರುವುದು ಇದಕ್ಕೇ. ಹಿಮ ಎರಚಿದ ಕಿರಣದಿಂದ ಕಣ್ಣು ಸುಡುವುದಕ್ಕೆ ಹಿಮಗುರುಡು ಎನ್ನುತ್ತಾರೆ, ಅಂಥದೇ ಹಾನಿ ನಮ್ಮ ಊರುಗಳ ವೆಲ್ಡಿಂಗ್ ಅಂಗಡಿಗಳಲ್ಲೂ ಆಗುತ್ತದೆ. ವೆಲ್ಡಿಂಗ್ ಕಿಡಿಯಲ್ಲಿ ಆಕಾಶದಿಂದ ಇಳಿಯದ ಯುವಿ-ಸಿಯೂ ಇದೆ. ಕವಚವಿಲ್ಲದೆ ಹಗಲು ಕೆಲಸ ಮಾಡಿದ ಹುಡುಗನಿಗೆ ಆಗ ಏನೂ ಅನ್ನಿಸುವುದಿಲ್ಲ, ಆರೇಳು ಗಂಟೆ ಕಳೆದ ಮೇಲೆ ರಾತ್ರಿ ಕಣ್ಣಿಗೆ ಮರಳು ಸುರಿದಂತೆ ಉರಿ, ನೀರು. ಕಾರ್ನಿಯಾದ ಮೇಲ್ಪದರ ಸುಟ್ಟಿರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಅದು ಮಾಯುತ್ತದೆ. ಎದೆಹಾಲು, ಎಲೆಯ ರಸ ಇವನ್ನೆಲ್ಲ ಹಿಂಡದೆ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಗ್ರಹಣದ ಸೂರ್ಯನನ್ನು ದಿಟ್ಟಿಸುವುದು ಇದಕ್ಕಿಂತ ಘೋರ. 1980ರ ಫೆಬ್ರವರಿ 16ರ ಖಗ್ರಾಸ ಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋಗಿತ್ತು, 2019ರ ಡಿಸೆಂಬರ್ 26ರ ಕಂಕಣ ಗ್ರಹಣ ಮಂಗಳೂರು, ಕೊಡಗಿನ ಕಡೆ ಕಂಡಿತ್ತು. ಗ್ರಹಣ ನೋಡಲೇಬೇಕಾದ ಚೆಂದ, ಪ್ರಮಾಣಿತ ಸೌರ ಕನ್ನಡಕದಿಂದ ಅಥವಾ 14ನೇ ಸಂಖ್ಯೆಯ ವೆಲ್ಡಿಂಗ್ ಗಾಜಿನಿಂದ. ಅಕ್ಷಿಪಟಲಕ್ಕೆ ನೋವಿನ ನರವಿಲ್ಲ, ಸುಡುವಾಗ ಎಚ್ಚರಿಕೆ ಸಿಗುವುದಿಲ್ಲ. ನೋಟದ ನಡುವೆ ಕಪ್ಪು ಕಲೆ ಕಂಡಾಗ ತಡವಾಗಿರುತ್ತದೆ.

ರಕ್ಷಣೆಯ ವಿಚಾರಕ್ಕೆ ಬಂದರೆ, ಜಾಹೀರಾತುಗಳು ಸನ್‌ಸ್ಕ್ರೀನಿನಿಂದ ಶುರುಮಾಡುತ್ತವೆ, ನಾನು ಬಟ್ಟೆಯಿಂದ ಶುರುಮಾಡುತ್ತೇನೆ. ಒತ್ತಾಗಿ ನೇಯ್ದ, ಗಾಢ ಬಣ್ಣದ, ಉದ್ದ ತೋಳಿನ ಬಟ್ಟೆಯಷ್ಟು ಭರವಸೆಯ ರಕ್ಷಣೆ ಇನ್ನೊಂದಿಲ್ಲ. ಅದನ್ನು ಎರಡು ಗಂಟೆಗೊಮ್ಮೆ ಬಳಿಯಬೇಕಾಗಿಲ್ಲ. ತೆಳು ಬಿಳಿ ಹತ್ತಿ ಅಂಗಿ ಅಷ್ಟು ತಡೆಯದು, ಬೆವರಿಗೆ ನೆನೆದರೆ ಇನ್ನೂ ಕಡಿಮೆ. ಉತ್ತರ ಕರ್ನಾಟಕದ ಹೊಲಗಳಲ್ಲಿ ಹೆಂಗಸರು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು ತಲೆಗೆ ಸೆರಗು ಬಿಗಿಯುವುದರಲ್ಲಿ, ಕುರಿಗಾಹಿಗಳು ಕಂಬಳಿಯ ಕೊಪ್ಪೆ ಹೊದೆಯುವುದರಲ್ಲಿ ಅನುಭವದ ವಿಜ್ಞಾನವಿದೆ. ಕಣ್ಣಿನ ದೃಷ್ಟಿಯಿಂದ ಒಂದೇ ಕೊರತೆ. ರುಮಾಲಿಗೂ ಸೆರಗಿಗೂ ಕರಾವಳಿಯ ಹಾಳೆಯ ಮುಟ್ಟಾಳೆಗೂ ಅಂಚಿಲ್ಲ. ಸುತ್ತ ಮೂರು ಇಂಚು ಅಗಲದ ಅಂಚಿರುವ ಟೋಪಿ ಕಣ್ಣಿಗೆ ಬೀಳುವ ನೇರಳಾತೀತವನ್ನು ಅರ್ಧದಷ್ಟು ಕಡಿಮೆ ಮಾಡಬಲ್ಲದು. ಉಳಿದರ್ಧಕ್ಕೆ ಕನ್ನಡಕ ಬೇಕು. ಗಾಜಿನ ಕಪ್ಪಿಗೂ ರಕ್ಷಣೆಗೂ ಸಂಬಂಧವಿಲ್ಲ, ಕಿರಣವನ್ನು ತಡೆಯುವುದು ಗಾಜಿನ ವಸ್ತು ಅಥವಾ ಲೇಪ, ಅದು ಬಣ್ಣವಿಲ್ಲದೆಯೂ ಇರಬಹುದು. 'ಯುವಿ 400' ಎಂಬ ಗುರುತು ನೋಡಿ, ಕಣ್ಣಿನ ಬದಿಯನ್ನೂ ಸುತ್ತಿಕೊಳ್ಳುವ ಆಕಾರ ಆರಿಸಿ. ಪಾಲಿಕಾರ್ಬೊನೇಟ್ ಗಾಜು ಸಹಜವಾಗಿಯೇ ನೇರಳಾತೀತವನ್ನು ತಡೆಯುತ್ತದೆ, ದುಬಾರಿಯೂ ಅಲ್ಲ.

ಸನ್‌ಸ್ಕ್ರೀನ್ ಬೇಡವೆಂದಲ್ಲ. ಆಸ್ಟ್ರೇಲಿಯಾದ ನಂಬೂರ್ ಪಟ್ಟಣದಲ್ಲಿ ಅಡೆಲ್ ಗ್ರೀನ್ ತಂಡ 1992ರಿಂದ 1996ರವರೆಗೆ 1,621 ಜನರಲ್ಲಿ ನಡೆಸಿದ ಪ್ರಯೋಗ ಅದರ ಬಲವನ್ನು ತೋರಿಸಿತು. ದಿನವೂ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ಶೇಕಡಾ 40ರಷ್ಟು ಇಳಿಯಿತು. ಎಸ್‌ಪಿಎಫ್ 30 ಇರುವುದು ಚರ್ಮ ಕೆಂಪಾಗಿಸುವ ಕಿರಣಗಳಲ್ಲಿ ಶೇಕಡಾ 97ನ್ನು ತಡೆದರೆ, 50 ಇರುವುದು 98ನ್ನು ತಡೆಯುತ್ತದೆ. ದೊಡ್ಡ ಅಂಕಿಗೆ ದುಪ್ಪಟ್ಟು ಹಣ ಕೊಡುವುದಕ್ಕಿಂತ ಸಾಕಷ್ಟು ಬಳಿಯುವುದು ಮೇಲು, ಏಕೆಂದರೆ ಹೆಚ್ಚಿನವರು ಹಚ್ಚುವುದು ಬೇಕಾದ್ದರ ಅರ್ಧವೋ ಕಾಲೋ. ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದ ಬೇಕು. ಇದನ್ನು ನಮ್ಮಲ್ಲಿ ಬೆಳ್ಳಗಾಗುವ ಆಸೆ ಹುಟ್ಟಿಸಿ ಮಾರುತ್ತಾರೆ. ಆ ಮಾತನ್ನು ನಂಬಬೇಡಿ. ಸನ್‌ಸ್ಕ್ರೀನಿನ ಕೆಲಸ ಬಣ್ಣ ಬದಲಿಸುವುದಲ್ಲ, ಗಾಯ ತಪ್ಪಿಸುವುದು.

ಇಷ್ಟೆಲ್ಲ ಓದಿ ಬಿಸಿಲಿಗೇ ಹೆದರಿದರೆ ಇನ್ನೊಂದು ತೊಂದರೆ. ವಿಟಮಿನ್ ಡಿ ತಯಾರಾಗುವುದು ಅದೇ ಯುವಿ-ಬಿ ಚರ್ಮಕ್ಕೆ ತಾಗಿದಾಗ. ನಗರದ ಭಾರತೀಯರಲ್ಲಿ ಅದರ ಕೊರತೆ ವ್ಯಾಪಕ. ಎಳೆಬಿಸಿಲು ಕಾಯಿಸಿದರೆ ಸಾಕು ಎಂದು ಹಿರಿಯರು ಹೇಳುವುದು ಹಿತಕ್ಕೆ ಸರಿ, ವಿಟಮಿನ್ನಿಗೆ ಸಾಲದು. ಮುಂಜಾನೆಯ ಓರೆ ಕಿರಣ ವಾತಾವರಣದಲ್ಲಿ ದೂರ ಸಾಗಿ ಬರುವಾಗ ಯುವಿ-ಬಿ ಬಹುಪಾಲು ಕಳೆದುಹೋಗಿರುತ್ತದೆ. ಮುಖಕ್ಕೆ ನೆರಳಿಟ್ಟು, ಕೈಕಾಲುಗಳಿಗೆ ನೆರಳು ಗಿಡ್ಡವಿರುವ ಹೊತ್ತಿನ ಬಿಸಿಲು ವಾರಕ್ಕೆ ಕೆಲವು ಬಾರಿ ಸ್ವಲ್ಪ ಹೊತ್ತು ತಾಗಿಸಿದರೆ ಒಳ್ಳೆಯದು. ಕೊರತೆ ಇದೆಯೆಂದು ರಕ್ತಪರೀಕ್ಷೆ ಹೇಳಿದರೆ ವೈದ್ಯರು ಮಾತ್ರೆ ಕೊಡುತ್ತಾರೆ.

ಒಳಗೆ ಕೂತು ದುಡಿಯುವವರು ಈ ಲೆಕ್ಕಗಳನ್ನೆಲ್ಲ ಹಾಕಬಹುದು. ಡಾಂಬರು ಹಾಕುವವರಿಗೆ, ಕಟ್ಟಡದ ಕೂಲಿಗಳಿಗೆ, ಚೌಕದ ನಡುವೆ ನಿಲ್ಲುವ ಸಂಚಾರ ಪೊಲೀಸರಿಗೆ, ಪೌರಕಾರ್ಮಿಕರಿಗೆ ಹೊತ್ತು ಆರಿಸಿಕೊಳ್ಳುವ ಅಧಿಕಾರವಿಲ್ಲ. ಕಲಬುರಗಿ ವಿಭಾಗದಲ್ಲಿ ಬೇಸಿಗೆ ಬಂದರೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಫ್ಯಾನಿನ ಕೆಳಗೆ ಕೂರುವವರಿಗೆ ಸಿಗುವ ಈ ಅನುಕೂಲ ರಸ್ತೆಯ ಮೇಲೆ ನಿಲ್ಲುವವರಿಗೂ ಸಿಗಬೇಕು. ಕಾಮಗಾರಿಯ ಟೆಂಡರಿನಲ್ಲಿ ಹೆಲ್ಮೆಟ್, ಬೂಟು, ಹೊಳೆಯುವ ಕೋಟು ಬರೆಯುವ ಎಂಜಿನಿಯರರು ಅದರ ಕೆಳಗೆ ಇನ್ನೊಂದು ಸಾಲು ಸೇರಿಸಲಿ: ಅಗಲ ಅಂಚಿನ ಟೋಪಿ, ನೇರಳಾತೀತ ತಡೆಯುವ ಕನ್ನಡಕ, ಊಟದ ಹೊತ್ತಿಗೊಂದು ಚಪ್ಪರ. ಗುತ್ತಿಗೆದಾರರು ಅವನ್ನು ಕೂಲಿಗೆ ಬಂದ ಮೊದಲ ದಿನವೇ ಕೈಗೆ ಕೊಡಲಿ.